ಸಿಹಿನೀರಿನ ಕೊಳಕ್ಕೆ ಬಟ್ಟೆಯ ಗಂಟು

ಶಹಾಪುರ

ನೀರೆತ್ತುವುದಕ್ಕೆ ಏನು ಬೇಕೋ ಅದೆಲ್ಲ ನಮ್ಮ ಅಂಗಡಿಯಲ್ಲಿದೆ. ಪಂಪ್‌ಸೆಟ್ಟು, ಪೈಪು, ವಾಲ್ವು, ಸ್ಟಾರ್ಟರು, ನಲ್ಲಿಗೆ ಸುತ್ತುವ ಬಿಳಿ ಟೇಪು. ವನದುರ್ಗದ ಕಡೆಯ ರೈತರು ಬಾವಿಗೆ ಮೋಟಾರು ಇಳಿಸಬೇಕಾದರೂ ಮೊದಲು ನಮ್ಮ ಕಟ್ಟೆ ಹತ್ತುತ್ತಾರೆ. ಇಷ್ಟೆಲ್ಲ ನೀರಿನ ವ್ಯಾಪಾರ ಮಾಡುವ ನಾನು ಮಾತ್ರ ಮದುವೆಯಾಗಿ ಶಹಾಪುರಕ್ಕೆ ಬಂದ ಮೇಲೆ ಮೊಣಕಾಲು ಮುಳುಗುವಷ್ಟು ನೀರಿಗೂ ಇಳಿದವಳಲ್ಲ.

ಹಾಗಂತ ನೀರು ಗೊತ್ತಿಲ್ಲದವಳಲ್ಲ. ನನ್ನ ತವರು ಕೊಡೇಕಲ್ಲಿನ ಆಚೆ, ಕೃಷ್ಣೆಯ ದಂಡೆಯ ಮೇಲಿನ ಸಣ್ಣ ಊರು. ಅಪ್ಪ ಹರಿಗೋಲು ಹಾಕುತ್ತಿದ್ದ, ಬಲೆ ಬೀಸುತ್ತಿದ್ದ. ನನ್ನ ಬೆನ್ನಿಗೆ ಒಣಗಿದ ಸೋರೆಬುರುಡೆ ಕಟ್ಟಿ ಹೊಳೆಗೆ ಬಿಟ್ಟವನೂ ಅವನೇ, ಕೈಕಾಲು ಬಡಿಯುವುದು ಹದಕ್ಕೆ ಬಂದಾಗ ಹೇಳದೆ ಕೇಳದೆ ಬುರುಡೆ ಬಿಚ್ಚಿದವನೂ ಅವನೇ. ತಳಕ್ಕೆ ಹೋಗಿ ಹಿಡಿ ಮರಳು ತರುವುದರಲ್ಲಿ ಗಂಡುಹುಡುಗರು ನನಗೆ ಸೋಲುತ್ತಿದ್ದರು. ಮೈನೆರೆದ ವಾರದಲ್ಲೇ ಅವ್ವ ಇದಕ್ಕೆಲ್ಲ ಮಂಗಳ ಹಾಡಿದಳು. ಆಮೇಲೆ ಹೊಳೆಗೆ ಹೋದದ್ದೆಲ್ಲ ತಲೆಯ ಮೇಲೆ ಬಟ್ಟೆಯ ಗಂಟು ಹೊತ್ತೇ. ನಮ್ಮ ಕಡೆ ಹೆಂಗಸರು ನೀರಿಗೆ ಬರಿಗೈಯಲ್ಲಿ ಹೋಗುವ ಪದ್ಧತಿಯಿಲ್ಲ. ಕೊಡ ಇರಬೇಕು, ಇಲ್ಲಾ ಗಂಟು ಇರಬೇಕು. ಎರಡೂ ಇಲ್ಲದೆ ದಂಡೆಯಲ್ಲಿ ನಿಂತರೆ, "ಯಾಕವ್ವ, ಮನ್ಯಾಗ ಏನರ ಜಗಳಾತೇನು?" ಎಂದು ಯಾರಾದರೂ ಬಂದು ರಟ್ಟೆ ಹಿಡಿಯುತ್ತಾರೆ.

ಮದುವೆಯಾದ ಮೇಲೆ ಅಂಗಡಿ. ನಮ್ಮವರು ಊರೂರಿಗೆ ಹೋಗಿ ಮೋಟಾರು ಕೂಡಿಸಿ ಬರುತ್ತಾರೆ, ಗಲ್ಲೆಯ ಹಿಂದೆ ನಾನು. ಬೆಳಗಿನಿಂದ ಬಾಗಿಲು ಹಾಕುವತನಕ ನನ್ನ ಹೆಸರಿಗೆ ಬಿಡುವಿಲ್ಲ. "ಅಕ್ಕಾರ, ಒಂದಿಂಚಿನ ಎಲ್ಬೋ." "ರೇಣುಕಾ, ಆ ಸ್ಟಾರ್ಟರ್ ಎಲ್ಲಿಟ್ಟಿ?" ಚಹಾ ಬಿಸಿಯಿರುವಾಗಲೇ ಕುಡಿದು ಮುಗಿಸಿದ್ದು ನೆನಪಿಲ್ಲ. ಈಗೀಗ ಯಾರೂ ಕರೆಯದಿದ್ದರೂ ಎದ್ದುಬಿಡುತ್ತೇನೆ. ಕೂತಲ್ಲಿ ಕೂಡಲಾಗದ್ದು ನನಗೊಂದು ರೋಗವೇ ಆಗಿದೆ.

ಹೆಚ್ಚು ಮಾಲು ಮಾರಿದ ಅಂಗಡಿಯವರನ್ನು ಪಂಪ್‌ಸೆಟ್ ಕಂಪನಿಗಳು ಪರದೇಶ ತಿರುಗಿಸಿ ತರುವುದುಂಟು. ನಮ್ಮ ಪಾಲಿಗೆ ಫಿಲಿಪ್ಪೀನ್ಸ್ ಬಂತು, ಇಬ್ಬರಿಗೆ. ನಮ್ಮವರು ಕೇಳಿದ ಕೂಡಲೇ ಅಡ್ಡಡ್ಡ ತಲೆಯಾಡಿಸಿದರು. "ನಾವಿಬ್ರೂ ಹೋಗಿ ಅಂಗಡಿ ಬಾಗಿಲಾ ಹಾಕಿದ್ರ ಗಿರಾಕಿ ಎದುರಿನ ಅಂಗಡಿಗಿ ಹೋಗಿ ಅಲ್ಲೇ ಬೇರು ಬಿಡ್ತಾನ. ನೀ ಅಕ್ಕನ್ನ ಕರಕೊಂಡು ಹೋಗು." ಅಕ್ಕ ಎಂದರೆ ಅವರ ಅಕ್ಕ, ನನ್ನ ನಾದಿನಿ ನಾಗಮ್ಮ. ಯಾದಗಿರಿ ಹತ್ತಿರ ಮುದನಾಳಕ್ಕೆ ಕೊಟ್ಟಿದ್ದಾರೆ. ತೊಗರಿ, ಹತ್ತಿ, ಎಮ್ಮೆ, ಮೊಮ್ಮಕ್ಕಳು ಎಲ್ಲವನ್ನೂ ಒಂದೇ ಗಂಟಲಿನಲ್ಲಿ ಆಳುವ ಹೆಂಗಸು.

ಕಂಪನಿಯವರು ಕಳಿಸಿದ ಚಿತ್ರಗಳಲ್ಲಿ ಒಂದು ನನ್ನ ನಿದ್ದೆ ಕೆಡಿಸಿತು. ಕರಿಬಂಡೆಗಳ ನಡುವೆ ಹಸಿರು ನೀರು. ಚಿಕ್ಕ ದೋಣಿಯಲ್ಲಿ ಹೋಗಿ, ಸಿಹಿನೀರಿನ ಕೊಳದಲ್ಲಿ ಈಜಿ, ಸಂಜೆಗೆ ಮರಳಬಹುದು ಎಂದು ಅದರ ಕೆಳಗಿತ್ತು. ನನ್ನನ್ನು ಇಂಥವರ ಮಗಳು ಎಂದು ಯಾರೂ ಗುರುತಿಸದ ಊರು, ಗಂಟು ಎಲ್ಲಿ ಎಂದು ಯಾರೂ ಕೇಳದ ದಂಡೆ. ಅಲ್ಲಿ ಒಂದು ಸಲ, ಒಂದೇ ಸಲ ಮುಳುಗಬೇಕು ಅಂದುಕೊಂಡೆ. ಮೈಗೆ ಇನ್ನೂ ಈಜು ನೆನಪಿದೆಯೋ ಇಲ್ಲವೋ ತಿಳಿಯದೆ ಸಾಯುವುದು ನನಗೆ ಬೇಕಿರಲಿಲ್ಲ.

ನಾನು ಬಾಯಿ ಬಿಟ್ಟು ಹೇಳಲಿಲ್ಲ. ಆದರೆ ತಿಂಥಣಿ ಸೇತುವೆ ದಾಟುವಾಗಲೆಲ್ಲ ಬಸ್ಸಿನ ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕುವ ಹೆಂಡತಿಯನ್ನು ಕಟ್ಟಿಕೊಂಡವರಿಗೆ ಬೇರೆ ಹೇಳಬೇಕೆ? ಹೊರಡುವ ದಿನ ನಮ್ಮವರು ನನ್ನೆದುರಿಗೇ ನಾದಿನಿಯ ಕೈ ಹಿಡಿದರು. "ಅಕ್ಕಾ, ನೀರು ಕಂಡ್ರ ಈಕಿ ಕಣ್ಣು ಬ್ಯಾರೇನ ಆಗ್ತಾವ. ಆಳಕ್ಕ ಬಿಡಬ್ಯಾಡ."

"ನಾ ಅದೀನಲ್ಲ, ನಿನಗ್ಯಾಕ ಫಿಕರ್?" ಅಂದರು ನಾಗಮ್ಮ. ನನಗೆ ಅಲ್ಲಿಯೇ ಪ್ರವಾಸ ಅರ್ಧ ಮುಗಿದಂತಾಯಿತು.

ದೋಣಿಕಟ್ಟೆ

ಆ ದೇಶದ ಜನ ಹಾಡದೆ ಉಣ್ಣುವುದಿಲ್ಲ, ಉಂಡು ಹಾಡದೆ ಮಲಗುವುದಿಲ್ಲ. ಮನೆಮನೆಗೂ ಒಂದು ಹಾಡಿನ ಪೆಟ್ಟಿಗೆ, ಒಂದು ಮೈಕು. ನಮ್ಮ ಜೊತೆ ಬಂದಿದ್ದ ರಾಯಚೂರು, ಕಲಬುರಗಿಯ ಅಂಗಡಿಯವರೂ ಹಿಂದಿನ ದಿನ ಅವರೊಂದಿಗೆ ಕೂತು ಗಂಟಲು ಹರಿಯುವಂತೆ ಹಾಡಿ, ಬೆಳಿಗ್ಗೆ ಒಬ್ಬರೂ ಏಳಲಿಲ್ಲ. ಹೀಗಾಗಿ ಚಿತ್ರದ ಕೊಳಕ್ಕೆ ಹೋಗುವ ಆ ಸಣ್ಣ ದೋಣಿಗೆ ನಾನು, ನಾಗಮ್ಮ ಇಬ್ಬರೇ.

ನಾನು ಸೂರ್ಯನಿಗಿಂತ ಮೊದಲೇ ಎದ್ದು, ಚೂಡಿದಾರ ಹಾಕಿ, ಹೋಟೆಲಿನ ಮೆಟ್ಟಿಲನ್ನು ಏರಿ ಇಳಿದು ಮಾಡುತ್ತಿದ್ದೆ. ನಾಗಮ್ಮ ಇಳಕಲ್ ಸೀರೆಯುಟ್ಟು ಇಳಿದು ಬಂದರು. ತಲೆಯ ಮೇಲೆ ಗಂಟು!

"ಇದೇನ್ರಿ ಅಕ್ಕಾರ?"

"ಬಟ್ಟಿ. ನಿಂದೂ ಹಾಕೇನಿ, ನಂದೂ ಹಾಕೇನಿ. ಬಂದಾಗಿಂದ ಎಲ್ಲಾ ಉಪ್ಪು ಉಪ್ಪು ಆಗ್ಯಾವ. ಸಿಹಿನೀರಿಗಿ ಹೊಂಟೀವಿ ಅಂದ್ಯಲ್ಲ?"

"ಅದು ಈಜಾಡೋ ಜಾಗ ಅಕ್ಕಾರ!"

"ಈಜೋರು ಈಜಲಿ. ನಾವು ಒಂದು ಬಾಜೂಕ ಕುಂತು ಒಗದು ಬರಮು. ಬರಿಗೈಲೆ ಹೊಳಿಗಿ ಹೋಗಾಕ ನಮಗೇನು ಬಂದೈತಿ?" ಎಂದು ಸೆರಗಿನ ಗಂಟಿನಿಂದ ಒಂದು ಹೊಸ ನೀಲಿ ಸೋಪಿನ ತುಂಡು ತೆಗೆದು ತೋರಿಸಿದರು. ಮುದನಾಳದಿಂದ ತಂದದ್ದು. ವಿಮಾನದಲ್ಲಿ ಅದು ನಮ್ಮ ರೊಟ್ಟಿಯ ಜೊತೆ ಬಂದಿತ್ತು ಎಂದು ನನಗೆ ಆಗಲೇ ತಿಳಿದದ್ದು. ಎರಡು ದಿನದಿಂದ ರೊಟ್ಟಿ ಯಾಕೆ ಹಾಗೆ ನಾರುತ್ತಿತ್ತು ಎಂಬುದೂ ಬಗೆಹರಿಯಿತು.

ವಾದ ಮಾಡುತ್ತ ಕೂತರೆ ಹೊತ್ತಾಗುತ್ತದೆಂದು ಸುಮ್ಮನಾದೆ. ದೋಣಿಯವನ ಹೆಸರು ಜುನ್. ನಗುಮೊಗದ ನಡುವಯಸ್ಸಿನವನು, ಅಷ್ಟಿಷ್ಟು ಇಂಗ್ಲಿಷ್ ಬರುತ್ತಿತ್ತು, ನನ್ನಷ್ಟೇ. ಹತ್ತುವ ಮೊದಲು ಚಪ್ಪಲಿ ಬಿಡಬೇಕೆಂದು ತೋರಿಸಿದ. ನಾಗಮ್ಮನಿಗೆ ಅದು ಬಹಳ ಹಿಡಿಸಿತು. "ನೋಡು, ದೋಣಿಗಿ ಚಪ್ಪಲಿ ಹಾಕ್ಕೊಂಡು ಏರೋದಿಲ್ಲ ಇವರು. ಛಲೋ ಮಂದಿ." ಆದರೆ ಎಲ್ಲಿ ಕೂಡಬೇಕೆಂದು ಕೇಳಿದರೆ ಆತ ಕೈ ತೋರಿಸದೆ ಎರಡೂ ತುಟಿ ಮುಂದೆ ಚಾಚಿ ಆ ಕಡೆ ಮುಖ ಮಾಡಿದ. ನಾಗಮ್ಮ ಸೆರಗು ಬಿಗಿಯಾಗಿ ಹೊದ್ದುಕೊಂಡರು.

"ಈ ಮುದಿಯಾಕಿ ಮುಂದ ತುಟಿ ಮಾಡ್ತಾನಲ್ಲೇ ರೇಣುಕಾ!"

ಅಲ್ಲಿಯವರು ದಿಕ್ಕು ತೋರಿಸುವುದೇ ತುಟಿಯಿಂದ. ಹೌದು ಎನ್ನಲು ಬಾಯಿ ಬಿಡದೆ ಹುಬ್ಬು ಹಾರಿಸುತ್ತಾರೆ. ಇದನ್ನು ನಾನು ತಿಳಿಸಿ ಹೇಳುವಷ್ಟರಲ್ಲಿ ನಾಗಮ್ಮ "ದೋಣಿ ಮುಳುಗಂಗಿಲ್ಲ ಹೌದಲ್ಲೋ?" ಎಂದು ಕನ್ನಡದಲ್ಲಿ ಮೂರು ಸಲ ಕೇಳಿದ್ದರು. ಆತ ಮೂರು ಸಲವೂ ಹುಬ್ಬು ಹಾರಿಸಿದ. ಹುಬ್ಬು ಹಾರಿಸಿದರೆ ನಮ್ಮಲ್ಲಿ 'ಏನು?' ಎಂದು ಅರ್ಥವಲ್ಲವೆ? ಕಿವುಡನೆಂದುಕೊಂಡು ನಾಗಮ್ಮ ನಾಲ್ಕನೆಯ ಸಲ ಕಿರುಚಿದರು. ಕಟ್ಟೆಯ ಮೇಲಿದ್ದವರೆಲ್ಲ ತಿರುಗಿ ನೋಡಿದರು.

ನಡುನೀರು

ದೋಣಿ ಉದ್ದಕ್ಕೆ, ಸಪೂರಕ್ಕೆ ಇತ್ತು. ಎರಡೂ ಬದಿಗೆ ಬಿದಿರಿನ ತೋಳು ಚಾಚಿ ನೀರಿನ ಮೇಲೆ ಊರಿಕೊಂಡು ಹೋಗುತ್ತಿತ್ತು. ಅಪ್ಪನ ಹರಿಗೋಲಾದರೆ ಗುಂಡಗೆ, ಬುಟ್ಟಿಯ ಹಾಗೆ. ತನ್ನಷ್ಟಕ್ಕೆ ಒಂದು ಸುತ್ತು ತಿರುಗಿಯೇ ಮುಂದೆ ಹೋಗುವುದು. ಇದಕ್ಕೆ ಆ ಚಪಲವಿಲ್ಲ, ನೆಟ್ಟಗೆ ಹೋಗುತ್ತದೆ. ಆದರೂ ನನಗೆ ನಿಧಾನವೆನಿಸಿತು. ಎದ್ದು ನಿಂತೆ, ಕೂತೆ, ಮತ್ತೆ ಎದ್ದೆ. ದೋಣಿ ಒಂದು ಬದಿಗೆ ವಾಲಿದಾಗಲೆಲ್ಲ ಜುನ್ ನನ್ನನ್ನು ನೋಡಿ ನಗುತ್ತ ಕೆಳಗೆ ತುಟಿ ಚಾಚುತ್ತಿದ್ದ. ಕೂಡಿ ಎಂದು ಅರ್ಥ.

ದಂಡೆ ಮರೆಯಾದ ಮೇಲೆ ಮೊಬೈಲಿನ ಸಿಗ್ನಲ್ ಹೋಯಿತು. ನನಗೆ ಹಾಯೆನಿಸಬೇಕಿತ್ತು. ಅದರ ಬದಲು ಕೈ ಮತ್ತೆ ಮತ್ತೆ ಚೀಲಕ್ಕೆ ಹೋಗುತ್ತಿತ್ತು. ಫೋನು ಬಡಿದಂತೆ ಕೇಳುತ್ತಿತ್ತು, ತೆಗೆದು ನೋಡಿದರೆ ಏನೂ ಇಲ್ಲ. ನಮ್ಮವರು ಸ್ಟಾರ್ಟರಿನ ಪೆಟ್ಟಿಗೆ ಸಿಗದೆ ಕಪಾಟಿನಲ್ಲೆಲ್ಲ ಹುಡುಕುತ್ತಿರಬಹುದು, ಗಿರಾಕಿ ಎದ್ದು ಹೋಗುತ್ತಿರಬಹುದು. ಪರದೇಶದ ಕಡಲಿನ ನಡುವೆ ಕೂತು ನಾನು ಶಹಾಪುರದ ಅಂಗಡಿಯ ಕಪಾಟು ತಡಕುತ್ತಿದ್ದೆ.

ನಾಗಮ್ಮ ಮಾತ್ರ ಗಂಟಿನ ಮೇಲೆ ಕೈಯಿಟ್ಟು ನಿಶ್ಚಿಂತೆಯಿಂದ ಕೂತಿದ್ದರು. ಕಟಕ ರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿ ಜುನ್‌ಗೂ ಕೊಟ್ಟರು. ಆತ ರೊಟ್ಟಿಯನ್ನು ತಿರುಗಿಸಿ ಮುರುಗಿಸಿ ನೋಡಿ, ಕಟ್ಟಿಗೆಯಂತೆ ಮುರಿದು, ತನ್ನ ಒಣಮೀನಿನ ಜೊತೆ ನಂಜಿಕೊಂಡು ತಿಂದ. ಖಾರಕ್ಕೆ ಕಣ್ಣಲ್ಲಿ ನೀರು ಬಂದರೂ ಮತ್ತೊಂದು ಕೇಳಿದ. "ಉಣ್ಣಲಿ ಪಾಪ, ಎಷ್ಟು ದಿನಾತೋ ರೊಟ್ಟಿ ಕಂಡು," ಎಂದರು ನಾಗಮ್ಮ, ಅವನು ಹುಟ್ಟಿದಾಗಿನಿಂದ ರೊಟ್ಟಿಗಾಗಿಯೇ ಕಾಯುತ್ತಿದ್ದನೇನೋ ಎಂಬಂತೆ.

ಆಗ ಇಂಜಿನು ಗೊರ್‌ಗೊರ್ ಎಂದು ನಿಂತುಬಿಟ್ಟಿತು. ತೇಲಿಬಂದ ಹಳೆಯ ಬಲೆಯೊಂದು ಕೆಳಗಿನ ಫ್ಯಾನಿಗೆ ಸುತ್ತಿಕೊಂಡಿತ್ತು. ಜುನ್ ಅಂಗಿ ಬಿಚ್ಚಿ, ಹಲ್ಲಿನಲ್ಲಿ ಚಾಕು ಕಚ್ಚಿ, ನೀರಿಗೆ ಇಳಿದು ದೋಣಿಯ ಅಡಿಗೆ ಹೋದ. ಮೇಲೆ ಬಂದ, ಉಸಿರು ತೆಗೆದುಕೊಂಡ, ಮತ್ತೆ ಹೋದ. ನನಗೆ ಹೊಟ್ಟೆ ಉರಿಯಿತು, ಸುಳ್ಳು ಯಾಕೆ ಹೇಳಲಿ. ಅವನು ಒಬ್ಬನೇ ಬಿಡಿಸುವುದಕ್ಕಿಂತ ಇಬ್ಬರು ಬಿಡಿಸಿದರೆ ಬೇಗ ಆಗುತ್ತದೆ. ಅಪ್ಪನ ಬಲೆ ಎಷ್ಟು ಸಲ ಬಿಡಿಸಿಲ್ಲ ನಾನು? ಕೊಳವನ್ನು ಸಂಜೆಯಾಗುತ್ತಲೇ ಮುಚ್ಚುತ್ತಾರೆಂದು ಹೋಟೆಲಿನವರು ಹೇಳಿದ್ದರು. ಹೊತ್ತು ಏರುತ್ತಿತ್ತು. ನಾನು ಒಂದು ಕಾಲನ್ನು ಅಂಚಿನಿಂದ ಆಚೆ ಹಾಕಿದ್ದೇ ತಡ, ಹಿಂದಿನಿಂದ ನನ್ನ ವೇಲು ಜಗ್ಗಿತು.

"ಎಲ್ಲಿಗಿ?"

"ಆತಗ ಜರಾ ಕೈ ಹಚ್ಚತೇನ್ರಿ ಅಕ್ಕಾರ."

"ಆತ ಗಂಡಸು, ಆತಂದ ದೋಣಿ, ಆತಂದ ಕಡಲು. ನೀ ಕೂಡು." ವೇಲಿನ ತುದಿಯನ್ನು ಅವರು ಮುಂದೆ ಬಿಡಲೇ ಇಲ್ಲ. ಬಿಸಿಲು ನೆತ್ತಿ ದಾಟಿ ವಾಲಿದ ಮೇಲೆ ಇಂಜಿನು ಮತ್ತೆ ಮಾತಾಡಿತು. ನನಗೆ ಅಷ್ಟರಲ್ಲಿ ಅಳು ಬರುವುದೊಂದು ಬಾಕಿಯಿತ್ತು.

ಕೊಳದ ಬಾಗಿಲು

ದೋಣಿ ನಿಂತ ಕಡೆಯಿಂದ ಕೊಳ ಕಾಣುವುದಿಲ್ಲ. ಕರಿಬಂಡೆಯ ಗುಡ್ಡ ಹತ್ತಿ ಆಚೆ ಇಳಿಯಬೇಕು. ನಾನು ಮೇಕೆಯ ಹಾಗೆ ಹತ್ತಿ ಹೋಗಿ, ನಾಗಮ್ಮ ಗಂಟು ಹೊತ್ತು ಏದುಸಿರು ಬಿಡುತ್ತ ಬರುವುದನ್ನು ಕಂಡು ನಾಚಿ, ಇಳಿದು ಬಂದು ಗಂಟನ್ನು ನನ್ನ ತಲೆಗೆ ಹಾಕಿಕೊಂಡೆ. ಎದುರಿಗೆ ಸಿಕ್ಕ ಬಿಳಿಯ ಜನ ನಿಂತು ದಾರಿ ಬಿಟ್ಟರು. ಒಬ್ಬಾಕೆ ಫೋಟೋ ತೆಗೆದುಕೊಂಡಳು. ಯಾರ ಕಣ್ಣಿಗೂ ಬೀಳದ ಊರೆಂದು ಬಂದವಳು ತಲೆಯ ಮೇಲೆ ಮೈಲಿಗೆ ಬಟ್ಟೆ ಹೊತ್ತು ಯಾರ ಯಾರ ಮೊಬೈಲಿನಲ್ಲೋ ಸೇರಿಹೋದೆ.

ಗುಡ್ಡದ ನೆತ್ತಿಯಲ್ಲಿ ತಡಿಕೆಯ ಗುಡಿಸಲು. ಅಲ್ಲಿ ಕಾವಲಿಗಿದ್ದವಳು ಅಲ್ಮಾ ಎಂಬ ಗಟ್ಟಿಮುಟ್ಟಾದ ಹೆಂಗಸು, ಕೊರಳಲ್ಲಿ ಸೀಟಿ. ನಮಗೆ ಎರಡು ಕಿತ್ತಳೆ ಬಣ್ಣದ ಲೈಫ್ ಜಾಕೆಟ್ ಕೊಟ್ಟಳು. ಕೊಳದಲ್ಲಿ ಯಾರೂ ಅದನ್ನು ಬಿಚ್ಚುವಂತಿಲ್ಲ, ಈಜು ಬಂದರೂ ಅಷ್ಟೆ, ಬಾರದಿದ್ದರೂ ಅಷ್ಟೆ. ಅದನ್ನು ಹಾಕಿಕೊಂಡು ಮುಳುಗುವುದು ಹೇಗೆ? ಬರುತ್ತದೆ, ಹೊಳೆಯಲ್ಲಿ ಕಲಿತವಳು ಎಂದು ಹರಕು ಇಂಗ್ಲಿಷಿನಲ್ಲಿ ಹೇಳಿದೆ. ಅವಳು ನಯವಾಗಿಯೇ ಇಲ್ಲವೆಂದಳು. ಹೋದ ವರ್ಷ ಬರುತ್ತದೆ ಅಂದವನೊಬ್ಬನನ್ನು ತಾನೇ ಎತ್ತಿ ತಂದೆ ಎಂದಳು. ನಾಗಮ್ಮನಿಗೆ ಆ ಜಾಕೆಟ್ಟು ಬೆಲ್ಲದಷ್ಟು ಸಿಹಿಯಾಯಿತು. ಏನು ಹೇಳುತ್ತಾಳೆ ಎಂದು ನನ್ನನ್ನು ಕೇಳಲೂ ಇಲ್ಲ, ಎದ್ದು ಬಂದು ನನ್ನ ಎದೆಯ ಮೇಲೆ ಅದರ ಗುಂಡಿಗಳನ್ನು ಕಟಕಟನೆ ಹಾಕಿದರು.

ಆಮೇಲೆ ಅಲ್ಮಾ ಗಂಟಿನ ಕಡೆ ತುಟಿ ಚಾಚಿದಳು.

ನನಗೆ ಇಂಗ್ಲಿಷೇ ಮರೆತುಹೋಯಿತು. ನಾಗಮ್ಮ ನಡುವೆ ಬಂದು, ಗಂಟಿನಿಂದ ನನ್ನದೊಂದು ಲಂಗ ಎಳೆದು, ಮೆಟ್ಟಿಲ ಕಲ್ಲಿನ ಮೇಲೆ ಎತ್ತಿ ಎತ್ತಿ ಬಡಿದು, ಹಿಂಡಿ, ಝಾಡಿಸಿ, ಎಲ್ಲವನ್ನೂ ಸಾಂಗವಾಗಿ ತೋರಿಸಿದರು. ಕೊನೆಗೆ ನೀಲಿ ಸೋಪು ಹಿಡಿದು ನಕ್ಕರು. ಅಲ್ಮಾ ನಗಲಿಲ್ಲ. ಸೋಪು ಕೈಗೆ ತೆಗೆದುಕೊಂಡು, ಇದು ತಮ್ಮ ಅಜ್ಜ ಮುತ್ತಜ್ಜಂದಿರ ನೀರು, ಅವರೆಲ್ಲ ಇಲ್ಲಿಯೇ ಇದ್ದಾರೆ, ತಾವೂ ಕೇಳದೆ ಇಳಿಯುವುದಿಲ್ಲ, ಇದರಲ್ಲಿ ಏನನ್ನೂ ತೊಳೆಯಬಾರದು ಎಂದು ನಿಧಾನವಾಗಿ ಹೇಳಿದಳು. ನಾನು ಕನ್ನಡ ಮಾಡಿ ಹೇಳುತ್ತ ಹೋದೆ. ನಾಗಮ್ಮನ ಮುಖ ಬದಲಾಯಿತು.

"ದೇವರ ನೀರು ಅನ್ನು! ಮೊದಲ ಹೇಳಬಾರದೇನು? ಲಂಗ ತೋರಿಸಿ ಬಿಟ್ನೆಲ್ಲೇ ಪಾಪಿ ನಾ!" ಎಂದು ಕೊಳದ ದಿಕ್ಕಿಗೆ ತಿರುಗಿ ಗಲ್ಲ ಗಲ್ಲ ಬಡಿದುಕೊಂಡರು. ಗಂಟು, ಸೋಪು ಎರಡೂ ಗುಡಿಸಲಿನಲ್ಲಿ ಉಳಿದವು.

ಕೊಳ

ನೀರು ಎಂದರೆ ನೀರು. ನಮ್ಮ ಹೊಳೆಯ ನೀರು ಮಳೆಗಾಲದಲ್ಲಿ ಚಹಾದ ಬಣ್ಣ, ಬೇಸಿಗೆಯಲ್ಲಿ ಪಾಚಿಯ ಬಣ್ಣ. ಇಲ್ಲಿ ತಳದ ಬಂಡೆ ಕೈಗೆ ಸಿಗುವಂತೆ ಕಾಣುತ್ತಿತ್ತು. ಅದು ಎರಡು ತೆಂಗಿನಮರದಷ್ಟು ಆಳವೆಂದು ಜುನ್ ದೋಣಿಯಲ್ಲೇ ಹೇಳಿದ್ದ. ಸುತ್ತ ಬಂಡೆ, ಒಂದು ಬದಿಗೆ ಇಳಿಯಲು ಹಲಗೆಯ ಕಟ್ಟೆ, ಅದಕ್ಕೊಂದು ಏಣಿ. ಹತ್ತಿಪ್ಪತ್ತು ಜನ ಕಿತ್ತಳೆ ಜಾಕೆಟ್ಟಿನಲ್ಲಿ ತೇಲುತ್ತಿದ್ದರು.

ಕಟ್ಟೆಯ ಮೇಲೆ ನಾಗಮ್ಮ ನನ್ನ ವೇಲಿನ ಒಂದು ತುದಿಯನ್ನು ಜಾಕೆಟ್ಟಿನ ಪಟ್ಟಿಗೆ ಕಟ್ಟಿದರು. ಇನ್ನೊಂದು ತುದಿಯನ್ನು ತಮ್ಮ ಮುಂಗೈಗೆ ಸುತ್ತಿಕೊಂಡರು.

"ಇದೇನ್ರಿ, ಎಮ್ಮಿಕರ ಕಟ್ಟಿದಂಗ!"

"ಎಮ್ಮಿಕರ ಹೇಳಿದ ಮಾತು ಕೇಳ್ತೈತಿ. ಹೋಗು, ಆಡು ಹೋಗು."

ಇಳಿದೆ. ತಂಪು ಕಾಲಿನಿಂದ ನೆತ್ತಿಯವರೆಗೆ ಏರಿತು. ಅದೇ ಕ್ಷಣ ಜಾಕೆಟ್ಟು ನನ್ನನ್ನು ಗದ್ದ ಹಿಡಿದು ಮೇಲೆತ್ತಿತು. ಬಾಯಿ ಮುಚ್ಚಿದ ಖಾಲಿ ಕೊಡದ ಹಾಗೆ ತೇಲಿದೆ. ತಲೆ ಮುಳುಗಿಸಲು ಹೋದರೆ ಬೆನ್ನು ಮೇಲೆ, ಬೆನ್ನು ತಗ್ಗಿಸಿದರೆ ಕಾಲು ಮೇಲೆ. ಒಂದು ಮಾರು ಹೋಗುವಷ್ಟರಲ್ಲಿ ವೇಲು ಬಿಗಿಯುತ್ತಿತ್ತು. ಕೆಳಗೆ ಅಷ್ಟೊಂದು ನೀರು, ನಾನು ಮಾತ್ರ ಅದರ ಕೆನೆಯ ಮೇಲೆ ಕೂತ ನೊಣ. ಇಷ್ಟಕ್ಕೇನಾ ಶಹಾಪುರದಿಂದ ಬಂದದ್ದು ಎಂದು ನನಗೆ ಸಿಟ್ಟು ಬಂತು. ನಾದಿನಿಯ ಮೇಲೆ, ನಮ್ಮವರ ಮೇಲೆ, ಹೋದ ವರ್ಷ ಮುಳುಗಲು ಹೋದ ಆ ಪುಣ್ಯಾತ್ಮನ ಮೇಲೆ.

ನಾಗಮ್ಮನ ಸ್ಥಿತಿಯೂ ನೆಟ್ಟಗಿರಲಿಲ್ಲ. ಅವರು ಕಟ್ಟೆಯ ಅಂಚಿನಲ್ಲಿ ಕಾಲು ಮಡಚಿ ಕೂತಿದ್ದರು. ಕಾಲು ಬಿಟ್ಟರೆ ನೀರು ಮುಟ್ಟುತ್ತಿತ್ತು, ಬಿಡಲಿಲ್ಲ. ಕೈಗೆ ಕೆಲಸವಿಲ್ಲ. ಮೊದಲು ಬಳೆ ಸರಿಪಡಿಸಿಕೊಂಡರು. ಹಲಗೆಯ ಮೇಲಿನ ಒಣ ಎಲೆಗಳನ್ನು ಒಂದೊಂದಾಗಿ ಆರಿಸಿ ಒಟ್ಟಿದರು. ಅದೂ ಮುಗಿದ ಮೇಲೆ ತಮ್ಮ ಸೆರಗಿನ ಅಂಚನ್ನೇ ಹಿಡಿದು, ನೀರು ಸೋಪು ಏನೂ ಇಲ್ಲದೆ, ಹಲಗೆಗೆ ತಿಕ್ಕತೊಡಗಿದರು. ಪಕ್ಕದಲ್ಲಿ ಕೂತು ಬಿಸಿಲು ಕಾಯಿಸುತ್ತಿದ್ದ ಬಿಳಿಯ ಮುದುಕಿಯೊಬ್ಬಳು ತಾನೂ ಏನಾದರೂ ತಿಕ್ಕಬೇಕೇನೋ ಎಂಬಂತೆ ಅತ್ತಿತ್ತ ನೋಡಿದಳು.

"ನೀವೂ ಇಳೀರಿ ಅಕ್ಕಾರ," ಅಂದೆ.

"ಇಳದು?"

"ಸುಮ್ಮ ಇರಬೇಕು, ತಂಪಾಗಿ."

"ಸುಮ್ಮ ನೀರಾಗ ಕುಂತು ಏನು ಮಾಡಲಿ? ನಂಗೇನು ಮೈಗಿ ಬೆಂಕಿ ಹತ್ಯಾದೇನು?"

ಮುಚ್ಚುವ ಹೊತ್ತಾಯಿತೆಂದು ಅಲ್ಮಾ ಇಳಿದು ಬಂದು ಸೀಟಿ ಊದಿದಾಗ ನನಗೆ ನಂಬಿಕೆ ಬರಲಿಲ್ಲ. ಬಲೆ ಬಿಡಿಸುವುದರಲ್ಲಿ ಹೋದ ಹೊತ್ತು ನನ್ನ ಕೊಳದ ಹೊತ್ತು. ಜನ ಒಬ್ಬೊಬ್ಬರೇ ಕಟ್ಟೆ ಹತ್ತಿ ಮೆಟ್ಟಿಲ ಕಡೆ ಹೊರಟರು. ಅಲ್ಮಾ ಕಟ್ಟೆಯ ಆ ತುದಿಯಲ್ಲಿ ಒಬ್ಬ ಮುದುಕನ ಕೈ ಹಿಡಿದು ಮೇಲೆತ್ತುತ್ತಿದ್ದಳು. ನಾಗಮ್ಮ ಎದ್ದು ನಿಂತು, ಸೀರೆ ಒದ್ದೆಯಾಗಿದೆಯೋ ನೋಡಿಕೊಳ್ಳಲು ಮುಂಗೈಯಿಂದ ವೇಲು ಬಿಚ್ಚಿ ಹಲಗೆಯ ಮೇಲಿಟ್ಟರು.

ನಾನು ಯೋಚಿಸಲಿಲ್ಲ. ಗುಂಡಿಗಳು ತಾವಾಗಿ ಬಿಚ್ಚಿಕೊಂಡಂತೆ ಬಿಚ್ಚಿಕೊಂಡವು. ಜಾಕೆಟ್ಟು ಮೇಲೆ ಉಳಿಯಿತು, ನಾನು ಕೆಳಗೆ ಹೋದೆ.

ಮೈಗೆ ನೆನಪಿತ್ತು. ಕೈ ಎರಡು ಸಲ ಹುಟ್ಟು ಹಾಕಿತು, ಕಾಲು ಹಿಂದೆ ಕೂಡಿಕೊಂಡವು. ಕಿವಿಯಲ್ಲಿ ಗುಂಯ್ ಎಂದು, ಆಮೇಲೆ ಅದೂ ನಿಂತಿತು. ಹಸಿರು ಬೆಳಕು, ಬಂಡೆಯ ಮೈ, ನನ್ನ ಎರಡು ಕೈ. ನಾನು ಅಷ್ಟು ಸುಮ್ಮನೆ ಎಲ್ಲಿಯೂ ಇದ್ದವಳಲ್ಲ. 'ಬೇಗ ಮೇಲೆ ಹೋಗು' ಎನ್ನುವ ಎದೆಗೆ 'ತಡಿ' ಎಂದೆ, ಅದು ತಡೆಯಿತು. ನನಗೆ ಬಹಳ ಸುಖವಾಯಿತು. ಅದನ್ನು ಬೇರೆ ಹೇಗೆ ಹೇಳಬೇಕೋ ತಿಳಿಯದು.

ಎದುರಿನ ಬಂಡೆಯ ಬುಡದಲ್ಲಿ ತಲೆ ಮೇಲೆತ್ತಿದಾಗ ಸೀಟಿ, ಕೂಗು ಎಲ್ಲ ಒಟ್ಟಿಗೇ ಕಿವಿಗೆ ಬಿದ್ದವು. ಅಲ್ಮಾ ಉಟ್ಟ ಬಟ್ಟೆಯಲ್ಲಿಯೇ ನೀರಿಗೆ ಬಿದ್ದು, ನಾನು ಮುಳುಗಿದ ಜಾಗದಲ್ಲಿ ಮುಳುಗಿ ಏಳುತ್ತಿದ್ದಳು. ನಾಗಮ್ಮ ಏಣಿಯ ಮೆಟ್ಟಿಲುಗಳನ್ನು ಇಳಿದು ಎದೆಮಟ್ಟ ನೀರಿನಲ್ಲಿ ನಿಂತಿದ್ದರು. ಒಂದು ಕೈ ಏಣಿಯಲ್ಲಿ, ಇನ್ನೊಂದು ಕೈಯಿಂದ ನೀರನ್ನು ಬಾಚಿ ಬಾಚಿ ಹಿಂದೆ ಸರಿಸುತ್ತಿದ್ದರು, ಅದರ ಕೆಳಗೆ ನಾನು ಸಿಗುವೆನೆಂಬಂತೆ. ಇಳಕಲ್ ಸೀರೆ ಸುತ್ತಲೂ ಅರಳಿ ತೇಲುತ್ತಿತ್ತು.

ನಾನು ಈಜಿ ಬಂದು, ಎಲ್ಲರೂ ಕಟ್ಟೆ ಹತ್ತಿದ ಮೇಲೆ ಅಲ್ಮಾ ಬೈದಳು. ಅವಳ ಭಾಷೆ ನನಗೆ ಬಾರದು. ಬೈಗುಳಕ್ಕೆ ಅದರ ಅಗತ್ಯವೂ ಇರಲಿಲ್ಲ. ನನಗೆ ನಾಚಿಕೆಯಾಗಿ ಅವಳ ಕಾಲು ಮುಟ್ಟಲು ಬಗ್ಗಿದೆ, ಅವಳು ಹೌಹಾರಿ ಹಿಂದೆ ಸರಿದಳು. ಇನ್ನೊಂದು ಸಲ ಈ ಗುಡ್ಡ ಹತ್ತಬೇಡ ಎಂದು ಮಾತ್ರ ಇಂಗ್ಲಿಷಿನಲ್ಲಿ ಹೇಳಿದಳು.

ನಾಗಮ್ಮ ಬೈಯಲಿಲ್ಲ. ನನ್ನನ್ನು ಹಲಗೆಯ ಮೇಲೆ ಕೂಡಿಸಿ, ಸೆರಗು ಹಿಂಡಿ, ಅದರಿಂದಲೇ ನನ್ನ ತಲೆ ಒರೆಸಿದರು. ಒದ್ದೆ ಸೆರಗಿನಿಂದ ಒದ್ದೆ ತಲೆ ಒಣಗುವುದಿಲ್ಲ. ಆದರೂ ಬಹಳ ಹೊತ್ತು ಒರೆಸಿದರು. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಮರಳುವ ದೋಣಿ

ಬಿಸಿಲು ಇಳಿದಿತ್ತು. ಒಗೆಯದ ಗಂಟು ನಮ್ಮಿಬ್ಬರ ನಡುವೆ ಕೂತಿತ್ತು. ಜುನ್ ನಮ್ಮ ಮುಖ ನೋಡಿ ಹಾಡು ನಿಲ್ಲಿಸಿ, ಇಂಜಿನಿನ ಕಡೆ ತಿರುಗಿಕೊಂಡ. ನಾಗಮ್ಮ ಕಡಲು ನೋಡುತ್ತಿದ್ದರು.

"ಏನರ ಅನ್ರಿ ಅಕ್ಕಾರ. ಒಂದು ಏಟರ ಹಾಕ್ರಿ."

ಅವರು ಸಡಿಲಾಗಿದ್ದ ಬಟ್ಟೆಯ ಗಂಟನ್ನು ಬಿಚ್ಚಿ ಮತ್ತೆ ಬಿಗಿದು ಕಟ್ಟಿದರು. ಆಮೇಲೆ ಕೇಳಿದರು.

"ತಮ್ಮಗ ಏನಂತ ಹೇಳಲಿ ನಾ?"

"ಇದ್ದದ್ದು ಇದ್ದಂಗ ಹೇಳ್ರಿ. ನಾ ಮಾತು ಮೀರಿದೆ ಅಂತ ಹೇಳ್ರಿ."

"ಅದನ್ನ ಹೇಳತೇನಿ ಬಿಡು." ಮತ್ತೆ ನನ್ನ ಕಡೆ ತಿರುಗಿದರು. "ರೇಣುಕಾ, ಆ ನೀರಿನ ಒಳಗ ಏನಿತ್ತು?"

"ಏನೂ ಇರಲಿಲ್ರಿ."

"ಏನೂ ಇಲ್ಲದ್ದಕ್ಕ ನನ್ನ ಜೀವ ತಿಂದ್ಯೇನು?"

ಈ ಮಾತಿಗೆ ನಾನು ನಿಜವಾದ ಉತ್ತರ ಹುಡುಕಬೇಕಾಯಿತು. ಬಂಡೆ, ಬೆಳಕು ಎಂದು ಹೇಳಬಹುದಿತ್ತು. ಅದಲ್ಲ.

"ಅಲ್ಲಿ ಯಾರೂ ನನ್ನ ಕರಿಯಾಕತ್ತಿರಲಿಲ್ರಿ."

"ಸುಳ್ಳ! ನಾ ಕರದೇನಿ. ಗಂಟಲಾ ಹರಿಯೋ ಹಂಗ ಕರದೇನಿ, ರೇಣುಕಾ ರೇಣುಕಾ ಅಂತ."

"ಕೇಳಲಿಲ್ರಿ."

"ಪೂರಾ ಕೇಳಲಿಲ್ಲ?"

"ಪೂರಾ ಕೇಳಲಿಲ್ರಿ ಅಕ್ಕಾರ."

ಅವರು ನನ್ನ ಮುಖವನ್ನು ದಿಟ್ಟಿಸಿ ನೋಡಿದರು. ಮುದನಾಳದ ಆ ಮನೆಗೆ ನಾನು ಎಷ್ಟು ಸಲ ಹೋಗಿಲ್ಲ? ಹಟ್ಟಿಯಿಂದ ಒಬ್ಬರು, ಅಡಿಗೆಮನೆಯಿಂದ ಒಬ್ಬರು, ಹೊಲದಿಂದ ಬಂದ ಆಳುಗಳು, ಮಗ್ಗುಲಲ್ಲಿ ಮೊಮ್ಮಕ್ಕಳು. ಅವ್ವಾ, ಅತ್ತಿ, ಆಯಿ, ನಾಗಮ್ಮಾ ಎಂದು ಅವರನ್ನು ಕರೆಯುವವರೇ ಎಲ್ಲ. ಉಣ್ಣಲು ಕೂತ ತಾಟಿನಿಂದ ಅವರು ಏಳದೆ ಉಂಡದ್ದನ್ನು ನಾನೂ ಕಂಡಿಲ್ಲ. ಅದು ನನಗೆ ಈವರೆಗೆ ಲಕ್ಷ್ಯಕ್ಕೇ ಬಂದಿರಲಿಲ್ಲ.

"ಉಸಿರು ಹೆಂಗ ಹಿಡಿತಿ?" ಅಂದರು.

"ಆಂ?"

"ಒಳಗ ಹೋಗುವಾಗ. ಉಸಿರು ಹೆಂಗ ಹಿಡಿತಿ, ತೋರಸು."

ತೋರಿಸಿದೆ. ಹೊಟ್ಟೆಯಿಂದ ಎಳೆದುಕೊಳ್ಳಬೇಕು, ಎದೆಯಲ್ಲಿ ಕಟ್ಟಬೇಕು, ಗಾಬರಿಯಾಗಬಾರದು. ಅವರು ಗಮನವಿಟ್ಟು ನೋಡಿದರು. ಸರಿಯಾಗಿ ಕೂತರು, ಸೆರಗು ಸೊಂಟಕ್ಕೆ ಸಿಕ್ಕಿಸಿದರು. ಎರಡು ಬೆರಳಿನಿಂದ ಮೂಗುತಿಯ ಸಮೇತ ಮೂಗು ಹಿಡಿದು, ಗಲ್ಲ ತುಂಬ ಗಾಳಿ ತುಂಬಿಕೊಂಡು, ಕಣ್ಣು ಮುಚ್ಚಿದರು.

ಜುನ್ ತಿರುಗಿ ನೋಡಿದವನು ಗಾಬರಿಯಿಂದ ಇಂಜಿನು ತಗ್ಗಿಸಿ, ಅವರ ಕಡೆ ತುಟಿ ಚಾಚಿ, ಏನಾಯಿತೆಂದು ಕಣ್ಣಲ್ಲೇ ಕೇಳಿದ. ಸುಮ್ಮನಿರು ಎಂದು ಅವನಿಗೆ ಕೈ ಮಾಡಿದೆ. ನಾಗಮ್ಮನ ಮುಖ ಕೆಂಪೇರುತ್ತಿತ್ತು. ಗಲ್ಲ ಉಬ್ಬಿಯೇ ಇತ್ತು, ಕಣ್ಣು ಮುಚ್ಚಿಯೇ ಇತ್ತು. ಸಾಕು ಅಕ್ಕಾರ ಎಂಬ ಕರೆ ನನ್ನ ಬಾಯಿಯವರೆಗೆ ಬಂತು.

ಕರೆಯಲಿಲ್ಲ.